ಈ ಓಟ ಅದಕ್ಕೆ ಬೇಕಿತ್ತು

ನಾನು ಸೋದರಮಾವನಿಗೆ ಇಪ್ಪತ್ತು ಬಂಗಡೆ ಕೊಡುವುದು ಬಾಕಿ ಇದೆಯಂತೆ. ಮೊನ್ನೆ ಭಾನುವಾರ ಸಂಜೆ ಫೋನ್ ಮಾಡಿ, ಚಾ ಆಯ್ತಾ ಅಂತಲೂ ಕೇಳದೆ, ಇದನ್ನು ಹೇಳಿದರು. "ಸಣ್ಣ ಸೈಜಿನದು ತಂದು ಲೆಕ್ಕ ಮುಗಿಸೂದು ಬೇಡ ತಮಾ" ಅಂತ ಬೇರೆ. ಬಾಕಿ ಇದೆಯೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನ ಆಗಿಲ್ಲ. ಇವರು ಆಗಲೇ ಸೈಜಿಗೆ ಬಂದಿದ್ದಾರೆ.

ವಿಷಯ ಮೀನಿನದಲ್ಲ, ಕುದುರೆಯದು. ಕಾರವಾರಕ್ಕೂ ಕುದುರೆ ರೇಸಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ಇಡೀ ಉತ್ತರ ಕನ್ನಡದಲ್ಲಿ ಒಂದು ರೇಸ್ ಕೋರ್ಸ್ ಇಲ್ಲ. ಇಲ್ಲಿ ಇರುವುದೇ ಕಾಡು, ಗುಡ್ಡ, ನದಿ, ಉಳಿದ ಚೂರು ಜಾಗದಲ್ಲಿ ಹೈವೇ ಕೆಲಸ. ಆದರೆ ಕಾರವಾರದ ಯಾವ ಮನೆಯ ಬಾಗಿಲು ತಟ್ಟಿದರೂ ಮುಂಬೈಗೆ ಹೋಗಿ ದುಡಿದು ಬಂದವರು ಒಬ್ಬರಾದರೂ ಸಿಗುತ್ತಾರೆ. ನಮ್ಮ ಮಾವ ಲೋವರ್ ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಹಾಜರಿ ಗುಮಾಸ್ತರಾಗಿದ್ದರು. ಅಲ್ಲಿಂದ ಮಹಾಲಕ್ಷ್ಮಿ ರೇಸ್ ಕೋರ್ಸಿಗೆ ನಡೆದೇ ಹೋಗಬಹುದು. ಇವರು ಹೋದರು.

ಊರಿಗೆ ಬರುವಾಗ ಎಲ್ಲರೂ ಮುಂಬೈನಿಂದ ರೇಡಿಯೋ, ಗಡಿಯಾರ, ಸೀರೆ ತಂದರು. ಮಾವ ಒಂದು ಚಟ ತಂದರು. ಮದುವೆಯಾದ ಹೊಸತರಲ್ಲೇ ಅತ್ತೆ ಅದಕ್ಕೆ ಬೇಲಿ ಹಾಕಿದರು. ರೇಸ್ ನೋಡಿ, ಓದಿ, ಬೇಕಾದರೆ ಕನಸಲ್ಲೂ ಕಾಣಿ, ಆದರೆ ಒಂದು ರೂಪಾಯಿ ಕಟ್ಟಿದರೆ ನಾನು ತವರಿಗೆ. ಮಾವ ಮಾತು ಕೊಟ್ಟರು. ಮಾತು ತಪ್ಪಲಿಲ್ಲ. ಬಂಗಡೆ ಕಟ್ಟಲು ಶುರು ಮಾಡಿದರು.

ಇದನ್ನು ಅವರು ಬಹಳ ಹೆಮ್ಮೆಯಿಂದ ಸಮರ್ಥಿಸಿಕೊಳ್ಳುತ್ತಾರೆ. ರೇಸಿನದು ಬರೀ ಅದೃಷ್ಟವಲ್ಲ, ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಎನ್ನುತ್ತಾರೆ. ಅದು ನಿಜ. ಇನ್ನೊಂದು ವಾದ ಜಿಎಸ್‌ಟಿಯದು. ರೇಸಿನ ಬಾಜಿ ಮೇಲೆ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯಿತು. "ಹಸಿ ಬಂಗಡೆಗೆ ಎಷ್ಟು? ಸೊನ್ನೆ. ಸರ್ಕಾರಕ್ಕೇ ನಮ್ಮ ಮೇಲೆ ಅಭ್ಯಂತರ ಇಲ್ಲ" ಎನ್ನುತ್ತಾರೆ. ಈ ಬಂಗಡೆ ವ್ಯವಹಾರಕ್ಕೆ ಒಬ್ಬ ಬುಕ್ಕಿ ಬೇಕಲ್ಲ? ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ, ಭಾನುವಾರ ರಜೆ, ಮೊಬೈಲಿನಲ್ಲಿ ಡಾಟಾ. ನನ್ನಲ್ಲಿ ಎಲ್ಲ ಅರ್ಹತೆಯೂ ಇತ್ತು.

ಹಾಗಂತ ಮಾವ ಎಲ್ಲ ಕುದುರೆ ಮೇಲೂ ಕಟ್ಟುವವರಲ್ಲ. ಹೋದ ವಾರ ಗೆದ್ದ ಕುದುರೆಯನ್ನು ಅವರು ಕಣ್ಣೆತ್ತಿ ನೋಡುವುದಿಲ್ಲ. ಅವರಿಗೆ ಬೇಕಾದದ್ದು ತಿಂಗಳುಗಟ್ಟಲೆ ರೇಸಿಗೆ ಬಾರದೆ, ಈಗ ವಾಪಸು ಬರುವ ಕುದುರೆ. ಅದಕ್ಕಾಗಿ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ. ಕುದುರೆ ಹೆಸರು, ಕೊನೆಗೆ ಓಡಿದ ದಿನ, ರಜೆಯ ಕಾರಣ, ಡ್ಯೂಟಿಗೆ ಹಾಜರಾದ ದಿನ. ಕಾರಣದ ಕಾಲಂನಲ್ಲಿ "ಕಾಲು", "ಕೆಮ್ಮು", "ಗೊತ್ತಿಲ್ಲ" ಅಂತೆಲ್ಲ ಬರೆದಿರುತ್ತದೆ. ಒಂದು ಕಡೆ "ಅನಧಿಕೃತ ಗೈರುಹಾಜರಿ" ಅಂತಲೂ ಇದೆ. ಆ ಕುದುರೆ ಯಾರಿಗೆ ಅರ್ಜಿ ಕೊಡಬೇಕಿತ್ತೋ ಕಾಣೆ.

ಇದರ ಹಿಂದೆ ಲೆಕ್ಕಾಚಾರ ಇಲ್ಲವೆಂದಲ್ಲ. ರೇಸ್ ಕುದುರೆಗೆ ಕಾಲಿನ ಟೆಂಡನ್ ಕೆಟ್ಟರೆ ವಾಸಿಯಾಗಲು ಎಂಟು ತಿಂಗಳು, ವರ್ಷ ಹಿಡಿಯುತ್ತದೆ. ಬೆಳಿಗ್ಗೆಯ ಟ್ರ್ಯಾಕ್ ವರ್ಕಿನಲ್ಲಿ ಎಷ್ಟೇ ಚೆಂದ ಓಡಿದರೂ, ನಿಜವಾದ ರೇಸಿನಲ್ಲಿ ಅದರ ಉಸಿರು ಎಲ್ಲಿ ಕೈ ಕೊಡುತ್ತದೆ ಅಂತ ತರಬೇತುದಾರನಿಗೂ ಗೊತ್ತಿರುವುದಿಲ್ಲ. ಹಾಗಾಗಿ ಜನ ಅದರ ಮೇಲೆ ದುಡ್ಡು ಹಾಕುವುದಿಲ್ಲ. ಜನ ಹಾಕದಿದ್ದರೆ ದರ ಏರುತ್ತದೆ. ಇಪ್ಪತ್ತಕ್ಕೆ ಒಂದು, ಮೂವತ್ತಕ್ಕೆ ಒಂದು, ಅಂದರೆ ಒಂದು ಕಟ್ಟಿ ಗೆದ್ದರೆ ಇಪ್ಪತ್ತು, ಮೂವತ್ತು. "ಕುದುರೆ ಅದೇ, ಕಾಲು ನಾಲ್ಕೇ. ಜನ ಮರೆತಿದ್ದಾರೆ ಅಷ್ಟೆ. ಮರೆತದ್ದಕ್ಕೆ ನಮಗೆ ಜಾಸ್ತಿ ಸಿಗ್ತದೆ" ಎನ್ನುತ್ತಾರೆ ಮಾವ. ಕೇಳಲು ಚೆನ್ನಾಗಿದೆ. ತೊಂದರೆ ಏನೆಂದರೆ, ಆ ಕುದುರೆಗಳು ಸೋಲುತ್ತವೆ.

ಸೋತರೆ ಅವರು ನನಗೆ ಒಂದು ಬಂಗಡೆ ಕೊಡಬೇಕು. ಒಂದೇ ಒಂದು. ಅದನ್ನು ನಾನು ಈವರೆಗೆ ಕಣ್ಣಿಂದ ನೋಡಿಲ್ಲ. ಯಾಕೆಂದರೆ ಕುದುರೆ ಸೋತ ಕೂಡಲೇ ಮಾವ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಬಹಳ ಸಮಾಧಾನದಿಂದ ಹೇಳುತ್ತಾರೆ: "ಈ ಓಟ ಅದಕ್ಕೆ ಬೇಕಿತ್ತು."

ರೇಸಿನವರು ಈ ಮಾತನ್ನು ಆಡುವುದು ಹೌದು. ರಜೆಯಿಂದ ಬಂದ ಕುದುರೆಗೆ ಮೊದಲ ಓಟ ಮೈ ಬಿಡಿಸಿಕೊಳ್ಳಲಿಕ್ಕೆ, ನಿಜವಾದ ಆಟ ಎರಡನೆಯದರಲ್ಲಿ ಅಂತ. ಸರಿ, ಹಾಗಿದ್ದರೆ ಎರಡನೇ ಓಟಕ್ಕೇ ಕಟ್ಟಬಹುದಲ್ಲ? ಅದನ್ನು ಮಾಡುವುದಿಲ್ಲ. ಅಷ್ಟರಲ್ಲಿ ರಿಜಿಸ್ಟರಿನಲ್ಲಿ ಮತ್ತೊಂದು ಕುದುರೆ ಡ್ಯೂಟಿಗೆ ಬಂದಿರುತ್ತದೆ. ಹಳೆಯದರ ಮುಂದೆ "ಹಾಜರ್" ಅಂತ ಬರೆದು ಕೈಬಿಡುತ್ತಾರೆ. ಆದರೆ ನನ್ನ ಬಂಗಡೆಯ ಲೆಕ್ಕ ಮಾತ್ರ ಮುಗಿಯುವುದಿಲ್ಲ. ಬೇಕಿದ್ದ ಓಟ ಸೋಲಲ್ಲವಂತೆ.

ಕೇಳಿದರೆ ಅಲ್ಡಾನಿಟಿಯ ಕಥೆ ಶುರುವಾಗುತ್ತದೆ. 1981ರ ಗ್ರ್ಯಾಂಡ್ ನ್ಯಾಷನಲ್, ಇಂಗ್ಲೆಂಡಿನ ದೊಡ್ಡ ರೇಸ್. ಕಾಲು ಕೆಟ್ಟು ಮೂಲೆ ಸೇರಿದ್ದ ಕುದುರೆ, ಕ್ಯಾನ್ಸರಿನಿಂದ ಎದ್ದು ಬಂದ ಜಾಕಿ ಬಾಬ್ ಚಾಂಪಿಯನ್. ಇಬ್ಬರೂ ಸೇರಿ ಗೆದ್ದರು. ಮಾವ ಆಗ ಮುಂಬೈ ಪೇಪರಿನಲ್ಲಿ ಓದಿದ್ದಂತೆ. ಅದನ್ನು ಹೇಳುವಾಗ ಇಂದಿಗೂ ಅವರ ದನಿ ನಡುಗುತ್ತದೆ. ನನಗೂ ಮೊದಮೊದಲು ಕಣ್ಣು ತುಂಬುತ್ತಿತ್ತು. ಆಮೇಲೆ ಹುಡುಕಿ ಓದಿದೆ. ಅಲ್ಡಾನಿಟಿಯ ದರ ಹತ್ತಕ್ಕೆ ಒಂದು. ಅಂದರೆ ಜನ ಅದನ್ನು ಮರೆತಿರಲೇ ಇಲ್ಲ. ಅಷ್ಟೇ ಅಲ್ಲ, ರಜೆ ಮುಗಿಸಿ ಬಂದು ಆ ಫೆಬ್ರವರಿಯಲ್ಲಿ ಆಸ್ಕಾಟಿನಲ್ಲಿ ಓಡಿದ ಮೊದಲ ರೇಸನ್ನೇ ಅದು ಗೆದ್ದಿತ್ತು. ಅದಕ್ಕೆ ಯಾವ ಓಟವೂ ಬೇಕಿರಲಿಲ್ಲ! ಇದನ್ನು ಮಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನಿನ್ನ ಅಪ್ಪನೂ ಹೀಗೇ" ಎಂದರು.

ಈಗ ಇಪ್ಪತ್ತು ಬಂಗಡೆಗೆ ಬರೋಣ. ಜುಲೈ ತಿಂಗಳ ಒಂದು ಭಾನುವಾರ. ಮಳೆಗಾಲದಲ್ಲಿ ಮುಂಬೈ ರೇಸ್ ಮುಚ್ಚಿ, ಪುಣೆಯಲ್ಲಿ ಸೀಸನ್ ಶುರುವಾಗುತ್ತದೆ. ಮಾವನ ರಿಜಿಸ್ಟರಿನಿಂದ ಒಂದು ಕುದುರೆ ಅಂದು ಹಾಜರಾಗುವುದಿತ್ತು. ದರ ಇಪ್ಪತ್ತಕ್ಕೆ ಒಂದು. ಜೂನ್, ಜುಲೈ ಅಂದರೆ ನಮ್ಮಲ್ಲಿ ಟ್ರಾಲರಿಗೆ ಬಂದಿ. ಬೈತಕೋಲದಲ್ಲಿ ದೋಣಿಗಳೆಲ್ಲ ಲಂಗರು ಹಾಕಿ ಮಲಗಿರುತ್ತವೆ. ಮಾರ್ಕೆಟ್ಟಿಗೆ ಬರುವುದು ಐಸಿನಲ್ಲಿ ಊರೂರು ಸುತ್ತಿ ಬಂದ ಮೀನು. ಅದರ ರೇಟು ಕೇಳಿದರೆ ತರಕಾರಿಯೇ ರುಚಿ ಅನಿಸುತ್ತದೆ. ಅಂಥ ದಿನದಲ್ಲಿ ಇಪ್ಪತ್ತಕ್ಕೆ ನಾನು ಒಪ್ಪಿದೆ. ಮಾವನ ಕುದುರೆ ಗೆಲ್ಲುವುದಿಲ್ಲ ಎಂಬ ಧೈರ್ಯ.

ಹೊರಗೆ ಧೋ ಎಂದು ಮಳೆ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ನನ್ನ ಮೊಬೈಲನ್ನು ಕಾಯಿ ತುರಿಯುವ ಮಣೆಗೆ ಒರಗಿಸಿ ಇಟ್ಟು, ಮಾವ ಮುಂದೆ ಕುಳಿತರು. ಹಿಂದೆ ನಾನು. ಗೇಟು ತೆರೆಯಿತು. 1200 ಮೀಟರಿನ ಓಟ. ಒಂದೂಕಾಲು ನಿಮಿಷದಲ್ಲಿ ಎಲ್ಲ ಮುಗಿಯುವ ವ್ಯವಹಾರ. ನಮ್ಮ ಕುದುರೆ ನಡುವೆ ಎಲ್ಲೋ ಇತ್ತು. ತಿರುವು ದಾಟಿತು. ನೇರ ದಾರಿಗೆ ಬಂದವು. ಮಾವ ಕುಳಿತಲ್ಲಿಂದ ಅರ್ಧ ಎದ್ದರು. ಆಗ ನೆಟ್‌ವರ್ಕ್ ಹೋಯಿತು.

ಪರದೆಯ ನಡುವೆ ಆ ಬಿಳಿ ಚಕ್ರ ತಿರುಗಲು ಶುರುವಾಯಿತು. ನಿಮಗೂ ಗೊತ್ತಿರುತ್ತದೆ, ಆ ಚಕ್ರ. ಅದರ ಹಿಂದೆ ಕುದುರೆಗಳೆಲ್ಲ ಕಾಲು ಗಾಳಿಯಲ್ಲಿಟ್ಟು ನಿಂತಿದ್ದವು. ಬೇರೆ ಯಾರಾದರೂ ಆಗಿದ್ದರೆ ಫೋನಿಗೆ ಬೈಯುತ್ತಿದ್ದರು. ಮಾವ ಬೈಯಲಿಲ್ಲ, ಕೂಗುವುದನ್ನು ನಿಲ್ಲಿಸಲೂ ಇಲ್ಲ. "ಬಾ ಬಾ ಬಾ! ಒಳಗಿಂದ ಬಾ! ಬಿಡಬೇಡ!" ಎಂದು ಆ ಚಕ್ರವನ್ನೇ ಹುರಿದುಂಬಿಸಿದರು. ಚಕ್ರ ತಿರುಗಿತು. ಮಾವ ತೊಡೆ ತಟ್ಟಿದರು. ಚಕ್ರ ಇನ್ನಷ್ಟು ತಿರುಗಿತು. ಅತ್ತೆ ಅಡುಗೆಮನೆಯಿಂದ ಇಣುಕಿ, "ಯಾರು ಮುಂದೆ?" ಅಂತ ಕೇಳಿದರು. ನಾನು ಏನು ಹೇಳಲಿ? ಓಟಕ್ಕಿಂತ ಜಾಸ್ತಿ ಹೊತ್ತು ಚಕ್ರವೇ ಓಡಿತು. ಫೋನನ್ನು ಎತ್ತಿಕೊಂಡು ಕಿಟಕಿಗೆ ಹೋದೆ, ಜಗುಲಿಗೆ ಹೋದೆ. ಮಾವ ಹಿಂದೆಯೇ ಬಂದರು, ಪರದೆಯಿಂದ ಕಣ್ಣು ಕೀಳದೆ. ಕೊನೆಗೆ ತುಳಸಿಕಟ್ಟೆಯ ಹತ್ತಿರ, ಒಂದೇ ಕೊಡೆಯಡಿ ಇಬ್ಬರೂ ಅರ್ಧರ್ಧ ನೆನೆದು ನಿಂತಾಗ ಚಿತ್ರ ಬಂತು. ಕುದುರೆಗಳು ಗುರಿ ದಾಟಿ, ಸುಮ್ನೆ ನಡೆಯುತ್ತಿದ್ದವು. ಜಾಕಿಗಳು ರಿಕಾಪಿನ ಮೇಲೆ ಎದ್ದು ನಿಂತಿದ್ದರು. ನಮ್ಮದು ಕೊನೆಯಲ್ಲಿ, ಬಹಳ ದೂರದಲ್ಲಿ, ಗಡಿಬಿಡಿಯಿಲ್ಲದೆ ಬರುತ್ತಿತ್ತು.

"ನಡುವೆ ಎಂತಾ ಆಯ್ತು ಅಂತ ನೀನು ನೋಡಿದ್ಯಾ?" ಎಂದರು ಮಾವ.

"ಇಲ್ಲ. ಆದರೆ ಕೊನೆಯದು ಬಂತಲ್ಲ ಮಾವ."

"ನೋಡದೆ ಮಾತಾಡಬಾರದು. ನಡುವೆ ಅದು ಮುಂದೆ ಹೋಗಿತ್ತು. ಆಮೇಲೆ ಉಸಿರು ಸಾಲಲಿಲ್ಲ." ಕನ್ನಡಕ ತೆಗೆದರು. ಮುಂದಿನ ಮಾತು ನಿಮಗೆ ಗೊತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮೊನ್ನೆ ಭಾನುವಾರ ಅದೇ ಕುದುರೆ ಮತ್ತೆ ಓಡಿತು. ಮಾವ ಅದರ ಮೇಲೆ ಕಟ್ಟಿರಲಿಲ್ಲ. ಅವತ್ತು ಅವರ ಬಂಗಡೆ ಇನ್ನೊಂದು ಕುದುರೆ ಮೇಲಿತ್ತು, ಅದಕ್ಕೂ ಆ ಓಟ ಬೇಕಿತ್ತು. ಆದರೆ ಜುಲೈಯ ಕುದುರೆ ಗೆದ್ದಿತು. ಸುಲಭವಾಗಿ ಗೆದ್ದಿತು. ಅದೇ ಸಂಜೆ ಫೋನ್. ನಾನು ಹೇಳಿದೆ, ಮಾವ, ನೀವು ಕಟ್ಟಿದ್ದು ಜುಲೈಯಲ್ಲಿ, ಅದು ಸೋತಿತು. ಈಗಿನ ದರ ಆರಕ್ಕೆ ಒಂದು, ಅದಕ್ಕೆ ನೀವು ಕಟ್ಟಲಿಲ್ಲ. ಅದಕ್ಕೆ ಅವರ ಉತ್ತರ: "ನಾನು ಕಟ್ಟಿದ್ದು ಕುದುರೆ ಮೇಲೆ, ರೇಸಿನ ಮೇಲೆ ಅಲ್ಲ. ಜುಲೈಯ ಓಟ ಬೇಕಿತ್ತು ಅಂದೆ. ನೀನು ಆಗ ಸುಮ್ನಿದ್ದೆ. ಸುಮ್ನಿದ್ದರೆ ಒಪ್ಪಿದ ಹಾಗೆ."

ನೋಡಿ, ಇಂಥವರ ಜೊತೆ ಯಾವ ಕೋರ್ಟಿಗೆ ಹೋಗುವುದು?

ಕೋಡಿಬಾಗದ ಚಾ ಅಂಗಡಿಗೆ ಹೋದೆವು. ಮಾವ "ಅಬ್ಜೆಕ್ಷನ್" ಹಾಕಿದರು. ದಿನವೂ ಅಲ್ಲಿ ಕೂರುವ ಮೂವರು ಹಿರಿಯರು ಸ್ಟೀವರ್ಡ್‌ಗಳಾದರು, ಅಂದರೆ ರೇಸಿನ ತಕರಾರು ತೀರ್ಮಾನಿಸುವವರು. ಮೂವರೂ ಜನ್ಮದಲ್ಲಿ ರೇಸ್ ನೋಡಿದವರಲ್ಲ. ವಿಚಾರಣೆ ನಡೆಯುವಷ್ಟು ಹೊತ್ತು ನನ್ನ ಲೆಕ್ಕದಲ್ಲಿ ಬನ್ಸ್ ತಿಂದರು. ಒಬ್ಬರು ಕುದುರೆಯ ವಯಸ್ಸು ಕೇಳಿದರು. ಇನ್ನೊಬ್ಬರು ಬಂಗಡೆಯನ್ನು ಹುರಿಯುವುದೋ, ಸಾರು ಮಾಡುವುದೋ ಅಂತ ಕೇಳಿದರು. ಕೊನೆಗೆ ತೀರ್ಪು: ಇಪ್ಪತ್ತರಲ್ಲಿ ಹತ್ತು ಕೊಡತಕ್ಕದ್ದು, ಊಟಕ್ಕೆ ಸ್ಟೀವರ್ಡ್‌ಗಳನ್ನು ಕರೆಯತಕ್ಕದ್ದು. ನ್ಯಾಯವಾದ ತೀರ್ಪು ಅಂತ ಚಾ ಅಂಗಡಿಯವನೂ ಹೇಳಿದ. ಅವನಿಗೆ ಬನ್ಸಿನ ವ್ಯಾಪಾರ ಆಗಿತ್ತಲ್ಲ. ಮಾವ ಮಾತ್ರ ಒಪ್ಪಲಿಲ್ಲ. ಇಪ್ಪತ್ತೇ ಬೇಕು.

ನನಗೆ ನಿಜಕ್ಕೂ ಸಿಟ್ಟು ಬಂತು. ಆ ರಿಜಿಸ್ಟರನ್ನು ಕೈಗೆ ತೆಗೆದುಕೊಂಡು, ಜುಲೈಯ ಸೋಲನ್ನು ತೋರಿಸೋಣವೆಂದು ಹಾಳೆ ತಿರುಗಿಸಿದೆ. ಮೊದಲ ಕೆಲವು ಹಾಳೆಗಳಲ್ಲಿ ಕುದುರೆಗಳಿಲ್ಲ. ಹೆಸರು, ಖಾತೆ, ಪಾಳಿ. ಮಿಲ್ಲಿನ ಹಾಜರಿ ಪುಸ್ತಕವೇ ಅದು. 1982ರ ಜನವರಿ 17ರವರೆಗೆ ಟಿಕ್ಕು ಇದೆ, ಆಮೇಲೆ ಖಾಲಿ. 18ರಂದು ಮುಂಬೈಯ ಮಿಲ್ಲುಗಳ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷ ಜನ ಹೊರಗೆ ಬಂದರು. ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ. ಮಾವ ಅಲ್ಲೇ ಚಾಳಿನಲ್ಲಿ ಕಾದಿದ್ದರು. ಗಣಪತಿ ಹಬ್ಬಕ್ಕೆ ಮಿಲ್ಲು ತೆರೆಯುತ್ತದೆ, ದೀಪಾವಳಿಗೆ ತೆರೆಯುತ್ತದೆ ಅಂತ ಅಮ್ಮನಿಗೆ ಕಾಗದ ಬರೆಯುತ್ತಿದ್ದರಂತೆ. ಆಮೇಲೆ ಊರಿಗೆ ಬಂದು ಸೊಸೈಟಿಯಲ್ಲಿ ಅಕ್ಕಿ ಲೆಕ್ಕ ಬರೆದರು. ಆ ಖಾಲಿ ಹಾಳೆಗಳ ನಂತರ ಕುದುರೆಗಳು ಶುರುವಾಗುತ್ತವೆ.

ನಾನು ಪುಸ್ತಕ ಮುಚ್ಚಿ ಕೊಟ್ಟೆ. ಹೋಗಲಿ, ಇಪ್ಪತ್ತನ್ನೂ ಕೊಟ್ಟುಬಿಡೋಣ ಅನಿಸಿತು. ಆ ಭಾವನೆ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಈಗ ಶ್ರಾವಣ, ಮನೆಯಲ್ಲಿ ಮೀನು ಬರುವಂತಿಲ್ಲ, ಚೌತಿ ಕಳೆಯಲಿ ಮಾವ ಅಂತ ಮೆಸೇಜ್ ಹಾಕಿದೆ. ತಕ್ಷಣ ಉತ್ತರ ಬಂತು. ತಡವಾದರೆ ವಾರಕ್ಕೆ ಒಂದು ಬಂಗಡೆ ಬಡ್ಡಿ.

ಈ ಬಡ್ಡಿಯ ಜಗಳಕ್ಕೆಂದು ಮರುದಿನ ಸಂಜೆ ಮತ್ತೆ ಅವರ ಮನೆಗೆ ಹೋದೆ. ಮಾವ ಆಗಲೇ ಹೊಸ ಕುದುರೆ ಹಿಡಿದಿದ್ದರು. ಹದಿನಾಲ್ಕು ತಿಂಗಳ ರಜೆ. ದರ ಮೂವತ್ತಾದರೂ ಆಗುತ್ತದೆ, ಈ ಸಲ ಬಂಗಡೆ ಬೇಡ, ಚಟ್ಲಿ (ಸಿಗಡಿ) ಕಟ್ಟೋಣ ಎಂದರು. ಚಟ್ಲಿಯನ್ನು ಎಣಿಸುವುದೋ, ತೂಗುವುದೋ ಅಂತ ಮಾತು ನಡೆದಿತ್ತು. ಅಷ್ಟರಲ್ಲಿ ಅತ್ತೆ ಅಡುಗೆಮನೆಯ ಕ್ಯಾಲೆಂಡರನ್ನು ಮೊಳೆಯಿಂದ ಕಳಚಿ ತಂದು ನಮ್ಮ ನಡುವೆ ಇಟ್ಟರು. ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನವನು ತಪ್ಪಿಸಿದ ದಿನ, ಎಲ್ಲದರ ಜೊತೆ ಭಾನುವಾರದ ಚೌಕಗಳಲ್ಲಿ ಸಣ್ಣಸಣ್ಣ "ಬಂ" ಅಂತ ಬರೆದಿತ್ತು. ಮಾವ ಸೋತ ಪ್ರತಿ ಬಂಗಡೆಯನ್ನೂ ಅವರು ಗುರುತು ಹಾಕಿದ್ದರು. ಹಿಂದಿನ ವರ್ಷದ ಕ್ಯಾಲೆಂಡರ್ ಕಪಾಟಿನಲ್ಲಿದೆ, ಬೇಕಾದರೆ ತರುತ್ತೇನೆ ಎಂದರು.

ಮಾವ ಕನ್ನಡಕ ಹಾಕಿಕೊಂಡರು. ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಬಂದು, ಮೇ ತಿಂಗಳಲ್ಲಿ ನಿಂತರು.

"ಇದು ಬೆಂಗಳೂರಿನ ಓಟ. ಡೆಡ್ ಹೀಟ್ ಆಗಿತ್ತು, ಎರಡು ಕುದುರೆ ಒಟ್ಟಿಗೇ ಮುಟ್ಟಿದವು. ಅರ್ಧ ಬರಿ."

"ಎಷ್ಟನೇ ಜಾಗಕ್ಕೆ?" ಎಂದೆ ನಾನು.

"ಏಳನೇದಕ್ಕೆ."

ಅತ್ತೆ ಪೆನ್ನಿನ ಮುಚ್ಚಳ ತೆಗೆದು ಕೇಳಿದರು. "ಅರ್ಧ ಅಂದರೆ ತಲೆ ಕಡೆಯದಾ, ಬಾಲದ ಕಡೆಯದಾ?"