ಹಿಡಿಸಲಿಲ್ಲ ಅನ್ನುವ ಬಟನ್ನು

ಮ್ಯೂಸಿಯಮ್ಮಿನಲ್ಲಿ ಇಟ್ಟ ವಸ್ತುಗಳಿಗಿಂತ ಅವನ್ನು ನೋಡಲು ಬಂದವರನ್ನು ನೋಡುವುದು ನನಗೆ ಇಷ್ಟ. ವಿಗ್ರಹದ ಮುಂದೆ ಬಂದು ನಿಂತ ತಕ್ಷಣ ಎಲ್ಲರ ಕಣ್ಣೂ ಕೆಳಗಿನ ಫಲಕಕ್ಕೆ ಇಳಿಯುತ್ತದೆ. ಹೊಯ್ಸಳ, ಹನ್ನೆರಡನೇ ಶತಮಾನ, ಬಳಪದ ಕಲ್ಲು. ಓದಿ ಆಯಿತು. ಆಮೇಲೆ ವಿಗ್ರಹದ ಕಡೆ ಒಂದು ಸಲ ನೋಡಿ, ಫಲಕ ಹೇಳಿದ್ದು ಸರಿಯಾಗಿದೆ ಅನ್ನುವ ಹಾಗೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಸೀರೆ ಅಂಗಡಿಯಲ್ಲಿ ರಾಶಿ ಸೀರೆ ಬಿಚ್ಚಿಸಿ, ಒಂದೂ ಚೆನ್ನಾಗಿಲ್ಲ ಅಂತ ಎದ್ದು ಬರುವವರು ಕೂಡ ಇಲ್ಲಿ ತುಟಿ ಬಿಚ್ಚುವುದಿಲ್ಲ.

ಈಗ ಮ್ಯೂಸಿಯಮ್ಮುಗಳು ಆ್ಯಪ್ ಮಾಡುತ್ತಿವೆ. ಬಹಳಷ್ಟು ಕಡೆ ಆಗಿರುವುದು ಇಷ್ಟೇ: ಗೋಡೆಯ ಫಲಕ ಮೊಬೈಲಿಗೆ ಹತ್ತಿದೆ. ಕ್ಯೂಆರ್ ಕೋಡಿಗೆ ಫೋನು ಹಿಡಿ, ಆ್ಯಪ್ ಇಳಿಸಿಕೋ, ನಂಬರು ಕೊಡು, ಓಟಿಪಿ ಬರುವವರೆಗೆ ಕಾಯಿ. ಕಲ್ಲಿನ ಗೋಡೆಗಳ ನಡುವೆ ಸಿಗ್ನಲ್ ಎಲ್ಲಿಂದ ಬರಬೇಕು? ಅಷ್ಟೆಲ್ಲ ಆದ ಮೇಲೆ ತೆರೆಯ ಮೇಲೆ ಕಾಣುವುದು ಅದೇ ಹೊಯ್ಸಳ, ಅದೇ ಬಳಪದ ಕಲ್ಲು.

ಆದರೆ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಹೋಬಾರ್ಟ್ ಅನ್ನುವ ಊರಿದೆ. ಜೂಜಿನಲ್ಲಿ ಗಣಿತದ ಲೆಕ್ಕ ಹಾಕಿ ದುಡ್ಡು ಮಾಡಿದ ಡೇವಿಡ್ ವಾಲ್ಶ್ ಅಲ್ಲಿ 2011ರಲ್ಲಿ ಮೋನಾ ಅನ್ನುವ ಮ್ಯೂಸಿಯಂ ತೆರೆದ. ಅದರ ಬಹುಭಾಗ ನೆಲದಡಿ. ಗೋಡೆಯ ಮೇಲೆ ಫಲಕಗಳೇ ಇಲ್ಲ! ಅದರ ಬದಲು ಬಂದವರ ಕೈಗೆ ‘ಓ’ ಅನ್ನುವ ಪುಟ್ಟ ಯಂತ್ರ ಕೊಡುತ್ತಿದ್ದರು, ಐಪಾಡ್ ಅದು. ಆಮೇಲೆ ಅದು ನಮ್ಮ ಫೋನಿಗೇ ಆ್ಯಪ್ ಆಗಿ ಬಂತು. ನೀವು ಎಲ್ಲಿ ನಿಂತಿದ್ದೀರಿ ಅಂತ ತಿಳಿದು, ಹತ್ತಿರ ಏನೇನಿದೆ ಅಂತ ತೋರಿಸುತ್ತದೆ. ಓದಬೇಕು ಅನಿಸಿದರೆ ಓದಿ, ಇಲ್ಲದಿದ್ದರೆ ಬಿಡಿ. ಪಂಡಿತರ ವ್ಯಾಖ್ಯಾನ ಇರುವ ವಿಭಾಗಕ್ಕೆ ಅವರೇ ಇಟ್ಟ ಹೆಸರು ಎಂಥದ್ದು ಅಂದರೆ, ಮನೆಮಂದಿ ಓದುವ ಕಡೆ ನಾನು ಅದನ್ನು ಬರೆಯುವ ಹಾಗಿಲ್ಲ.

ನನಗೆ ಬಹಳ ಹಿಡಿಸಿದ್ದು ಅದರಲ್ಲಿನ ಎರಡು ಬಟನ್ನು. ಒಂದು ತುಂಬಾ ಇಷ್ಟವಾಯಿತು ಅನ್ನಲು, ಇನ್ನೊಂದು ಕಂಡರಾಗದು ಅನ್ನಲು. ಎಷ್ಟು ದೊಡ್ಡ ಕಲಾವಿದನಾದರೂ ಸರಿ, ಒತ್ತಿ ಮುಂದೆ ಹೋಗಬಹುದು, ಯಾರೂ ಗದರುವುದಿಲ್ಲ. ಬೆಲ್ಜಿಯಂನ ವಿಮ್ ಡೆಲ್ವಾಯೆ ಮಾಡಿದ ‘ಕ್ಲೋವಾಕಾ’ ಅಲ್ಲಿದೆ. ಗಾಜಿನ ಪಾತ್ರೆಗಳು, ಕೊಳವೆಗಳು ಸೇರಿದ ಯಂತ್ರ. ದಿನಾ ಊಟ ಹಾಕುತ್ತಾರೆ. ಅದು ಜೀರ್ಣಿಸಿಕೊಂಡು, ಮನುಷ್ಯರು ಮಾಡುವುದನ್ನೇ ಮಾಡುತ್ತದೆ, ಅದೇ ವಾಸನೆಯೊಂದಿಗೆ. ಜನ ಅತಿ ಜಾಸ್ತಿ ‘ಕಂಡರಾಗದು’ ಒತ್ತಿದ್ದು ಇದಕ್ಕಂತೆ. ಅತಿ ಹೆಚ್ಚು ಹೊತ್ತು ನಿಂತದ್ದೂ ಇದರ ಮುಂದೆಯೇ! ಬೆರಳು ಒಂದು ಹೇಳಿತು, ಕಾಲು ಇನ್ನೊಂದು ಹೇಳಿತು. ಯಂತ್ರ ಎರಡನ್ನೂ ಬರೆದಿಟ್ಟುಕೊಂಡಿತು. ನಮ್ಮ ಗುಟ್ಟು ಹೀಗೆ ಬಯಲಾಗುವುದು ಸ್ವಲ್ಪ ಮುಜುಗರವೇ ಅನ್ನಿ.

ಕಿವಿಗೆ ಹಾಕಿಕೊಂಡು ಕೇಳುವ ಗೈಡು ಹಳೆಯದು. ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಮ್ಮಿನಲ್ಲಿ 1952ರಲ್ಲೇ ರೇಡಿಯೋ ಮೂಲಕ ವಿವರಣೆ ಕೇಳಿಸಿದ್ದರು. ಪ್ರಸಾರ ಒಂದೇ ಆದ್ದರಿಂದ ಗುಂಪಿನಲ್ಲಿದ್ದವರೆಲ್ಲ ಒಟ್ಟಿಗೇ ತಿರುಗಬೇಕು, ಒಟ್ಟಿಗೇ ಹೆಜ್ಜೆ ಹಾಕಬೇಕು. ಡ್ರಿಲ್ ಮೇಷ್ಟ್ರ ಪೀರಿಯಡ್ಡು ಅಲ್ವಾ? ಅದು ಹೇಳುತ್ತದೆ, ನಾವು ಕೇಳುತ್ತೇವೆ. ಎದುರು ಮಾತಾಡುವ ಹಾಗಿಲ್ಲ.

ಎದುರು ಮಾತಾಡಲು ಬಿಟ್ಟದ್ದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ. 2015ರಲ್ಲಿ ‘ಆಸ್ಕ್’ ಅನ್ನುವ ಆ್ಯಪ್ ತಂದರು. ನೀವು ಮೂರ್ತಿಯ ಮುಂದೆ ನಿಂತು ಪ್ರಶ್ನೆ ಟೈಪ್ ಮಾಡಿದರೆ ಉತ್ತರ ಕೊಡುತ್ತಿದ್ದದ್ದು ಕಂಪ್ಯೂಟರ್ ಅಲ್ಲ, ಮ್ಯೂಸಿಯಮ್ಮಿನಲ್ಲೇ ಕೂತ ಕಲೆ ಬಲ್ಲ ಜನ. ನೀವು ಯಾವ ಕೋಣೆಯಲ್ಲಿದ್ದೀರಿ ಅಂತ ಅವರಿಗೆ ಗೋಡೆಗೆ ಅಂಟಿಸಿದ ಪುಟ್ಟ ಬ್ಲೂಟೂತ್ ಬಿಲ್ಲೆಗಳಿಂದ ಗೊತ್ತಾಗುತ್ತಿತ್ತು. ನನಗಂತೂ ಇದೇ ಸರಿ ಅನಿಸುತ್ತದೆ. ದೊಡ್ಡ ಗುಂಪಿನ ನಡುವೆ ಗೈಡನ್ನು ಪೆದ್ದು ಪ್ರಶ್ನೆ ಕೇಳಲು ನಾಚಿಕೆ. ಮೊಬೈಲಿನಲ್ಲಿ ಸುಮ್ನೆ ಕೇಳಿಬಿಡಬಹುದು. ಮೂಗು ಯಾಕೆ ಮುರಿದಿದೆ? ಇಷ್ಟು ಭಾರದ್ದನ್ನು ಒಳಗೆ ಹೇಗೆ ತಂದಿರಿ? ಇಂಥ ಪ್ರಶ್ನೆ ಕೇಳುವವನು ವಸ್ತುವನ್ನು ನೋಡಿಯೇ ಕೇಳಬೇಕು. ಫಲಕ ಓದಿದವನಿಗೆ ಆ ಕಷ್ಟವಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದ ಬೇಗೂರಿನ ವೀರಗಲ್ಲೊಂದಿದೆ. ಗಂಗರ ಎರೆಯಪ್ಪನ ಕಾಲದ್ದು. ಕಾಳಗದಲ್ಲಿ ಸತ್ತ ನಾಗತ್ತರನ ಕಥೆ. ಆನೆ, ಕುದುರೆ, ಬಿದ್ದ ಹೆಣಗಳು, ಕಲ್ಲಿನ ತುಂಬಾ ಗದ್ದಲ. ಅದಕ್ಕೊಂದು ಆ್ಯಪ್ ಮಾಡುವವರು ನನಗೆ ಇಸವಿ ಹೇಳುವುದು ಬೇಡ. ಆನೆ ಯಾರ ಕಡೆಯದು? ಕಲ್ಲು ಕೆತ್ತಿದವನು ಯುದ್ಧ ನೋಡಿದ್ದನೋ, ಕೇಳಿ ಕೆತ್ತಿದನೋ? ಅವನಿಗೆ ಕೂಲಿ ಯಾರು ಕೊಟ್ಟರು? ಇವನ್ನು ಕೇಳಲು ಆ ತುದಿಯಲ್ಲಿ ಒಬ್ಬ ಬಲ್ಲವರನ್ನು ಕೂರಿಸಿದರೆ ಸಾಕು. ಗೊತ್ತಿಲ್ಲ ಸ್ವಾಮಿ ಅಂದರೂ ಬೇಜಾರಿಲ್ಲ. ಓಟಿಪಿ ಮಾತ್ರ ಕೇಳಬಾರದು.