ಎನ್‌ಡಿವಿಐ ಇಳಿದರೆ ಹೊಗೆಯೇ ಕಾರಣವೇ?

ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಬೆಳೆಯ ಹಸಿರನ್ನು ಅಳೆಯುವ ಸೂಚ್ಯಂಕ) ಇಳಿದ ಕಡೆಯೆಲ್ಲ ಹೊಗೆಯಿಂದ ಬೆಳೆಗೆ ಹಾನಿಯಾಗಿದೆ ಎಂದು ಲೇಖನವೊಂದು ಹೇಳುತ್ತದೆ. ಅಷ್ಟು ಸಲೀಸಲ್ಲ. ನೀರಿನ ಕೊರತೆ, ಸಾರಜನಕದ ಕೊರತೆ, ರೋಗ ಎಲ್ಲಕ್ಕೂ ಅದು ಇಳಿಯುತ್ತದೆ. ಹೊಸಕೋಟೆ, ದೇವನಹಳ್ಳಿ ಕಡೆ ರಸ್ತೆ ದೂಳು ಎಲೆ ಮೇಲೆ ಕೂತರೂ ಇದೇ ಕಥೆ. ನೀರಿನ ಕೊರತೆಯ ಗೊಂದಲ ಬಾರದಂತೆ ನೀರಾವರಿ ಹೊಲವನ್ನೇ ಆರಿಸಿ, ಜೋರು ಮಳೆಗೆ ಮೊದಲಿನ ಮತ್ತು ನಂತರದ ಉಪಗ್ರಹ ಚಿತ್ರ ಹೋಲಿಸಿ; ಸೂಚ್ಯಂಕ ತಟ್ಟನೆ ಮೇಲೆದ್ದರೆ ದೂಳಿನ ಅನುಮಾನವೇ ಹೆಚ್ಚು. ಹೊಗೆಯ ಅನಿಲಗಳಿಂದ ಬಿಸಿಲಲ್ಲಿ ಹುಟ್ಟುವ ಓಜೋನ್ ಎಲೆಗೆ ಮಾಡುವ ಹಾನಿ ಮಳೆಗೆ ತೊಳೆದು ಹೋಗುವುದಿಲ್ಲ.

ಪತ್ರಹರಿತ್ತಿನ ಇಳಿಕೆ ಗುರುತಿಸಲು ಸೆಂಟಿನೆಲ್-2 ಉಪಗ್ರಹದ 705 ನ್ಯಾನೊಮೀಟರ್ ಸುತ್ತಲಿನ ರೆಡ್ ಎಡ್ಜ್ (ಕೆಂಪು ಬೆಳಕಿನ ಅಂಚಿನ) ಪಟ್ಟಿ ವಾಸಿ. ಆದರೆ ಅದರ ಪಿಕ್ಸೆಲ್ 20 ಮೀಟರ್; ನಮ್ಮ ಅರ್ಧ ಎಕರೆ ತಾಕಿನಲ್ಲಿ ಬದುವಿನ ಹೊಂಗೆ ಮರವೂ ಲೆಕ್ಕಕ್ಕೆ ಬಂದುಬಿಡುತ್ತದೆ! ಕೊನೆಗೆ ಹೊಲಕ್ಕೆ ಇಳಿಯಲೇಬೇಕು: ಹುರುಳಿಕಾಯಿ ಗಿಡದ ಹಳೆಯ ಎಲೆಗಳ ಮೇಲ್ಮೈಯಲ್ಲಿ, ನರಗಳ ನಡುವೆ ಸಣ್ಣ ಕಂದು ಚುಕ್ಕೆಗಳಿದ್ದರೆ ಓಜೋನ್ ಇರಬಹುದು. ನುಸಿಯಿಂದಲೂ ಇಂಥ ಚುಕ್ಕೆ ಬರಬಹುದು, ಎಲೆ ತಿರುಗಿಸಿ ಅದು ಇದೆಯೇ ಎಂದೂ ನೋಡಿ.