"ನಂಬಿಕೆ ಸಾಲದು" ಅಂತ ಹೇಳೋಕೆ ನಮ್ಮ ಮನೆಗೆ ಬರಬೇಡಿ

ಕ್ಯಾನ್ಸರ್ ಇರುವ ಮನೆಗೆ ಬಂದು, ಕಾಫಿ ಕುಡಿದು, ಪ್ರಾರ್ಥನೆಯನ್ನೂ ಮಾಡಿ, ಆಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ "ನಂಬಿಕೆ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ ಬ್ರದರ್, ಪೂರ್ತಿ ನಂಬಿದ್ರೆ ಇಷ್ಟೊತ್ತಿಗೆ ಬಿಡುಗಡೆ ಸಿಗ್ತಿತ್ತು" ಅಂತ ಹೇಳಿ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಗೇಟ್ ದಾಟಿ ಹೋಗುತ್ತೀರಿ. ಒಳಗೆ ಮಲಗಿರುವವಳಿಗೆ ಆ ಮಾತು ಕೇಳಿಸಿರುತ್ತದೆ.

ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್. ನಮ್ಮ ಚರ್ಚ್ ಸಭೆಯವರಿಗೆಲ್ಲ ಗೊತ್ತು, ಮುಚ್ಚಿಡೋದೇನಿಲ್ಲ. ಕೀಮೋ ನಡೀತಾ ಇದೆ, ಆಮೇಲೆ ಆಪರೇಷನ್, ಆಮೇಲೆ ರೇಡಿಯೇಷನ್. ನಮ್ಮ ಕಡೆ ಹಿರಿಯರು ಅದನ್ನು "ಕರೆಂಟ್ ಕೊಡೋದು" ಅಂತಾರೆ. ದೇವರ ಮೇಲಿನ ಭರವಸೆ ಇಲ್ಲದೆ ಇಷ್ಟು ದೂರ ಬರಲು ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುವಾಗ ಇವನು ವಿಶ್ವಾಸ ಬಿಟ್ಟವನು ಅಂದುಕೊಳ್ಳುತ್ತೀರಿ.

ಮೊದಲ ಕೆಲವು ಡೋಸ್‌ಗಳಲ್ಲಿ ಕೊಡೋದು ಕೆಂಪು ಔಷಧಿ. ಹೆಸರು ಡಾಕ್ಸೋರುಬಿಸಿನ್. ನೋಡೋಕೆ ಥೇಟ್ ರಸ್ನಾ. ಸಿಸ್ಟರ್ ಪಕ್ಕದಲ್ಲೇ ಕೂತು ಸಿರಿಂಜಿನಿಂದ ನಿಧಾನಕ್ಕೆ ಬಿಡುತ್ತಾರೆ, ಕಣ್ಣು ಕೈಯ ಮೇಲೇ ಇರುತ್ತದೆ, ಯಾಕಂದ್ರೆ ನರದಿಂದ ಆಚೆ ಸೋರಿದರೆ ಚರ್ಮ, ಮಾಂಸ ಎಲ್ಲಾ ಸುಟ್ಟ ಹಾಗಾಗುತ್ತದೆ. ಅದಾದ ಮೇಲೆ ಮೂತ್ರ ಕೆಂಪಗೆ ಬರುತ್ತದೆ. ಮೊದಲೇ ಹೇಳಿರುತ್ತಾರೆ, ಆದರೂ ಬಚ್ಚಲಿನಿಂದ "ರೀ" ಅಂತ ಅವಳು ಕೂಗಿದ ರೀತಿಗೆ ನನ್ನ ಎದೆ ಧಸಕ್ ಅಂತು. ಮೂರನೇ ದಿನಕ್ಕೆ ಸಾಸಿವೆ ಒಗ್ಗರಣೆ ವಾಸನೆ ಬಂದರೆ ಸಾಕು, ಓಕರಿಕೆ. ನಾವೀಗ ಒಗ್ಗರಣೆ ಇಲ್ಲದ ಸಾರು ತಿನ್ನುವ ಜನ.

ಈ ಔಷಧಿ ಎಲ್ಲಿಂದ ಬಂತು ಅಂತ ಒಂದು ರಾತ್ರಿ ಓದಿದೆ. ಇಟಲಿಯಲ್ಲಿ ಒಂದು ಹಳೇ ಕೋಟೆಯ ಹತ್ತಿರದ ಮಣ್ಣಿನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದ ವಂಶದ್ದಂತೆ. ಅವಳಿಗೆ ಹೇಳಿದೆ. "ಮನುಷ್ಯನನ್ನೇ ಮಣ್ಣಿಂದ ಮಾಡಿದವನಿಗೆ ಔಷಧಿ ಮಾಡೋದು ಕಷ್ಟಾನಾ" ಅಂದಳು, ಕಣ್ಣು ಮುಚ್ಚಿಕೊಂಡೇ. ನನಗೆ ಆ ವರ್ಷ ಚರ್ಚ್‌ನಲ್ಲಿ ಕೇಳಿದ ಎಷ್ಟೋ ಪ್ರಸಂಗಗಳಿಗಿಂತ ಅದು ಹಿಡಿಸಿತು.

ಅದಕ್ಕೇ "ದೇವರನ್ನು ನಂಬ್ತೀರೋ, ಡಾಕ್ಟರನ್ನು ನಂಬ್ತೀರೋ" ಅನ್ನುವ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸತ್ಯವೇದ (ಬೈಬಲ್) ಓದಿದವರು ಕೇಳುವ ಪ್ರಶ್ನೆನಾ ಇದು? ಅರಸನಾದ ಹಿಜ್ಕೀಯ ಸಾಯುವ ಹಾಗಿದ್ದಾಗ ಗೋಡೆ ಕಡೆ ತಿರುಗಿ ಅತ್ತು ಪ್ರಾರ್ಥಿಸಿದ. ದೇವರು ಇನ್ನೂ 15 ವರ್ಷ ಆಯಸ್ಸು ಕೊಡ್ತೀನಿ ಅಂದರು. ಅಲ್ಲಿಗೆ ಮುಗಿಯಲಿಲ್ಲ. ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. ಮಾತು ಕೊಟ್ಟವರು ದೇವರೇ, ಆದರೂ ಪಟ್ಟು ಹಾಕಿದರು. ಅಪೊಸ್ತಲ ಪೌಲನ ಜೊತೆ ಓಡಾಡಿದ ಲೂಕ ವೈದ್ಯ. ಹೊಟ್ಟೆ ಸರಿ ಇರದ ತಿಮೊಥೆಗೆ ಪೌಲ "ಇನ್ನೂ ನಂಬು" ಅಂತ ಬರೆಯಲಿಲ್ಲ, ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ.

ಇನ್ನು ನಮ್ಮ ಹಿರಿಯರು ಏನು ಮಾಡಿದರು ನೋಡಿ. ಗದಗ-ಬೆಟಗೇರಿಯ ಜರ್ಮನ್ ಆಸ್ಪತ್ರೆ, ಮೈಸೂರಿನ ಮಿಷನ್ ಆಸ್ಪತ್ರೆ, ಕೋಲಾರದ ಇಟಿಸಿಎಂ, ಬೆಂಗಳೂರಿನ ಸೇಂಟ್ ಜಾನ್ಸ್. ಇವನ್ನೆಲ್ಲ ಕಟ್ಟಿದವರು ಕ್ರೈಸ್ತ ಸಭೆಗಳ ಜನ. ಪ್ರಾರ್ಥನೆ ಒಂದೇ ಸಾಕು ಅನ್ನುವವರಾಗಿದ್ದರೆ ಬರೀ ಗುಡಿ ಕಟ್ಟಿ ಸುಮ್ನಾಗುತ್ತಿದ್ದರು, ಅಲ್ವಾ? ಅಂಥ ಆಸ್ಪತ್ರೆಗಳಲ್ಲಿ ಹುಟ್ಟಿದ ನಾವೇ ಈಗ ಕೀಮೋ ತಗೊಂಡರೆ ನಂಬಿಕೆ ಕಮ್ಮಿ ಅನ್ನುತ್ತಿದ್ದೇವೆ.

ಒಬ್ಬರಂತೂ ಫೋನ್ ಮಾಡಿ "ಮನೆಯಲ್ಲಿ ಏನಾದರೂ ಒಪ್ಪಿಕೊಳ್ಳದ ಪಾಪ ಇದೆಯಾ ಪರೀಕ್ಷೆ ಮಾಡ್ಕೊಳ್ಳಿ" ಅಂದರು. ಅವರ ಹೆಸರು ಬೇಡ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳುತ್ತಾರೆ, ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ ಅಂತ. ಯೇಸು ಇಬ್ಬರೂ ಅಲ್ಲ ಅಂತ ನೇರವಾಗಿ ಹೇಳುತ್ತಾರೆ. ಅವರು ಕೊಟ್ಟ ಉತ್ತರವನ್ನು ಬಿಟ್ಟು ಶಿಷ್ಯರ ತಪ್ಪು ಪ್ರಶ್ನೆಯನ್ನೇ ಹಿಡಿದುಕೊಂಡಿದ್ದೇವೆ ನಾವು.

ಮತ್ತೆ ವಾಸಿಯಾಗದವರು? ಪೌಲ ತನ್ನ ಮೈಯಲ್ಲಿದ್ದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಎಷ್ಟೋ ಜನರನ್ನು ಎಬ್ಬಿಸಿ ನಿಲ್ಲಿಸಿದ ಅದೇ ಪೌಲ, ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಅರ್ಧ ಸಾಲಿನಲ್ಲಿದೆ, ನೋಡಿ. ಇದರ ಮೇಲೆ ಪ್ರಸಂಗ ಮಾಡಿದವರನ್ನು ನಾನಂತೂ ಕೇಳಿಲ್ಲ. ಸಾಕ್ಷಿ ಹೇಳೋಕೆ ವಾಸಿಯಾದವರನ್ನಷ್ಟೇ ಕರೆಯುತ್ತೇವೆ, ಅವರ ಪಕ್ಕದ ಬೆಡ್‌ನಲ್ಲಿದ್ದವರ ಮನೆಯವರನ್ನು ಯಾರು ಕರೆಯುತ್ತಾರೆ?

ಪ್ರಾರ್ಥನೆಯಿಂದ ಏನು ಸಿಗುತ್ತದೆ ಹಾಗಾದ್ರೆ ಅಂತ ಕೇಳಬಹುದು. ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ಕೀಮೋ ಆಗಿ ಒಂದು ವಾರ, ಹತ್ತು ದಿನಕ್ಕೆ ರಕ್ತದಲ್ಲಿ ಬಿಳಿ ಕಣ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಮಾತ್ರೆ ಕೊಟ್ಟು ಕಾಯುವ ಹಾಗಿಲ್ಲ, ನಡುರಾತ್ರಿ ಆದರೂ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಮೈ ಸ್ವಲ್ಪ ಬಿಸಿ ಅನ್ನಿಸಿದರೂ ಥರ್ಮಾಮೀಟರ್. ನಾಲಿಗೆ ಕೆಳಗೆ ಇಟ್ಟು ಬೀಪ್ ಅನ್ನುವವರೆಗಿನ ಆ ಒಂದು ನಿಮಿಷ ಇದೆಯಲ್ಲ, ನನ್ನ ಜೀವನದ ನಿಜವಾದ ಪ್ರಾರ್ಥನೆಗಳೆಲ್ಲ ಅಲ್ಲೇ ನಡೆದಿವೆ. ಅದರಲ್ಲಿ ಚಂದದ ಮಾತು ಒಂದೂ ಇರಲ್ಲ. "ಕರ್ತನೇ, ಬೇಡ, ಇವತ್ತು ಬೇಡ" ಅಷ್ಟೇ. ಒಮ್ಮೆ 99.2 ಬಂತು, ಸ್ತೋತ್ರ ಹೇಳಿ ಮಲಗಿದೆವು. ಇನ್ನೊಮ್ಮೆ 101 ಬಂತು. ಆಟೋ ಸಿಗಲಿಲ್ಲ, ಪಕ್ಕದ ಮನೆಯ ಸಾಬರ ಹುಡುಗ ಕಾರು ತೆಗೆದ. ಎರಡೂ ಸಲ ಒಂದೇ ಪ್ರಾರ್ಥನೆ ಮಾಡಿದ್ದೆ. ಎರಡನೇ ಸಲ ನನ್ನ ನಂಬಿಕೆ ಎರಡು ಡಿಗ್ರಿ ಇಳಿದಿತ್ತು ಅಂತ ಯಾರಾದರೂ ಹೇಳಲಿ ನೋಡೋಣ.

ಆ 101ರ ರಾತ್ರಿ ವಾರ್ಡ್‌ನಲ್ಲಿ ಅವಳು ಕೇಳಿದ್ದು 88ನೇ ಕೀರ್ತನೆ. ಎಲ್ಲರೂ ಸಮಾಧಾನಕ್ಕೆ ಓದುವ 23 ಓದಲಾ ಅಂದೆ, ಬೇಡ ಅಂದಳು. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅದೂ ಸತ್ಯವೇದದಲ್ಲೇ ಇದೆ, ಯಾರೂ ಕಿತ್ತು ಹಾಕಿಲ್ಲ. ದೇವರ ಮುಂದೆ ಹಾಗೂ ಮಾತಾಡಬಹುದು ಅಂತ ಗೊತ್ತಿದ್ದರೆ ರೋಗಿಗೆ ನಗುಮುಖದ ನಾಟಕ ಮಾಡುವ ಕೆಲಸ ತಪ್ಪುತ್ತದೆ.

ಇದೆಲ್ಲದರ ಮಧ್ಯೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಪೆರ್ನೌಮಿನ ಆ ನಾಲ್ಕು ಜನ. ಪಾರ್ಶ್ವವಾಯು ಬಡಿದವನನ್ನು ಹಾಸಿಗೆ ಸಮೇತ ಹೊತ್ತು ತಂದು, ಜನಜಂಗುಳಿಯಲ್ಲಿ ಒಳಗೆ ಹೋಗಲಾಗದೆ, ಮಾಳಿಗೆ ಹತ್ತಿ ಚಾವಣಿ ಕಿತ್ತು ಇಳಿಸಿದವರು. ಯೇಸು "ಅವರ" ನಂಬಿಕೆಯನ್ನು ನೋಡಿದರು ಅಂತ ಬರೆದಿದೆ. ಮಲಗಿದ್ದವನು ಬಾಯಿ ಬಿಟ್ಟು ಒಂದು ಮಾತೂ ಆಡಿದ ಹಾಗಿಲ್ಲ. ಬಾಯಿ ತುಂಬ ಹುಣ್ಣಾಗಿ ಉಪ್ಪು, ಅಡುಗೆ ಸೋಡಾ ನೀರು ಮುಕ್ಕಳಿಸುತ್ತಾ ಕೂತವಳಿಗೆ ನಂಬಿಕೆ ಎಷ್ಟಿದೆ ಅಂತ ಅಳೆಯಬೇಡಿ. ಅವಳಿಗೆ ಆಗದೇ ಇರುವ ದಿನ ನಾವು ನಂಬಬೇಕು, ಹೊರಬೇಕು. ಸಭೆ ಇರೋದು ಮತ್ತೆ ಇನ್ನು ಯಾತಕ್ಕೆ?

ಹೊತ್ತವರೂ ಇದ್ದಾರೆ, ಅವರನ್ನು ಹೇಳದಿದ್ದರೆ ಅನ್ಯಾಯ. ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ ಮೇಲೆ "ಮುಂದಿನ ಡೋಸ್ ಯಾವಾಗ, ನಾನು ಬಂದು ಕೂತ್ಕೋತೀನಿ, ನೀವು ಆಫೀಸಿಗೆ ಹೋಗಿ" ಅಂದರು. ಬಂದು ಕೂತರು ಕೂಡ. ಹೆಂಗಸರ ಫೆಲೋಶಿಪ್‌ನ ಒಬ್ಬ ಆಂಟಿ ಒಗ್ಗರಣೆ ಇಲ್ಲದ ರವೆ ಗಂಜಿ ತಂದು ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ, ಒಳಗೆ ಬರೋದೂ ಇಲ್ಲ. ಯೂತ್‌ನ ಹುಡುಗರು ರಕ್ತ ಕೊಟ್ಟರು. ಇವರಲ್ಲಿ ಯಾರೂ ನಮ್ಮ ನಂಬಿಕೆಯ ಬಗ್ಗೆ ವಿಚಾರಿಸಲಿಲ್ಲ.

ಇನ್ನೊಂದು ವಿಷಯ, ಸ್ವಲ್ಪ ಖಾರವಾಗೇ ಹೇಳುತ್ತೇನೆ. "ಕ್ಯಾನ್ಸರ್ ಗ್ಯಾರಂಟಿ ವಾಸಿ" ಅಂತ ಪೋಸ್ಟರ್ ಹಾಕುವವರು ಯಾವ ಧರ್ಮದವರಾದರೂ ಸರಿ, ದೂರ ಇರಿ. ಔಷಧಿಯಿಂದಾಗಲಿ ಮಂತ್ರ ತಾಯತದಿಂದಾಗಲಿ ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಬೇಗ ಶುರು ಮಾಡಿದರೆ ವಾಸಿಯಾಗಬಹುದಾದ ಗಡ್ಡೆ, ಪ್ರಾರ್ಥನಾ ಕೂಟದಿಂದ ಕೂಟಕ್ಕೆ ಅಲೆಯುವಷ್ಟರಲ್ಲಿ ಲಿವರಿಗೆ, ಮೂಳೆಗೆ ಹರಡಿರುತ್ತದೆ. ದುಡ್ಡಿನ ಯೋಚನೆಯಿಂದ ಆಸ್ಪತ್ರೆಗೆ ಹೋಗದೆ ಇದ್ದರೆ, ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅರ್ಜಿ ತುಂಬೋಕೆ ಗೊತ್ತಾಗದಿದ್ದರೆ ನನ್ನನ್ನು ಕೇಳಿ, ಈಗ ಎಲ್ಲಾ ಕಾಗದ ಪತ್ರ ಬಾಯಿಪಾಠ ಆಗಿದೆ.

ವಾಸಿಯಾಗುತ್ತಾ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಮೊದಲ ಸ್ಕ್ಯಾನ್‌ಗಿಂತ ಗಡ್ಡೆ ಚಿಕ್ಕದಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೆ ದೇವರಿಗೆ ಸ್ತೋತ್ರ, ಡಾಕ್ಟರಿಗೆ ಥ್ಯಾಂಕ್ಸ್, ಆ ಇಟಲಿಯ ಮಣ್ಣಿಗೂ ಒಂದು ನಮಸ್ಕಾರ. ವಾಸಿಯಾದರೂ ಅವರೇ ನಮ್ಮ ದೇವರು, ಆಗದಿದ್ದರೂ ಅವರೇ. ಇದನ್ನು ಅವಳೂ ನಾನೂ ಕೂತು ಮಾತಾಡಿಕೊಂಡಿದ್ದೇವೆ, ಅತ್ತಿದ್ದೂ ಇದೆ.

ಪ್ರಾರ್ಥನೆಗೆ ಬರಬೇಕು ಅನ್ನುವವರು ಬನ್ನಿ, ನಿಜವಾಗಲೂ ಬನ್ನಿ. ನೆಗಡಿ ಕೆಮ್ಮು ಇದ್ದರೆ ಮಾತ್ರ ಫೋನಲ್ಲೇ ಪ್ರಾರ್ಥಿಸಿ. ಬಂದ ತಕ್ಷಣ ಕೈ ತೊಳೆಯಿರಿ, ಸೆಂಟ್ ಹಾಕಿಕೊಂಡು ಬರಬೇಡಿ. ಹೋದ ವರ್ಷ ತೀರಿಹೋದ ನಿಮ್ಮ ಚಿಕ್ಕಮ್ಮನ ಕ್ಯಾನ್ಸರ್ ಕಥೆ ಈಗ ಬೇಡ. ಮತ್ತೆ ಅವಳೇ ಹೇಳಿ ಬರೆಸಿದ್ದು: ಹಾಡೋದಾದರೆ ಆ ಸಾವಿನ ಮನೆಯ ರಾಗದ ಹಾಡುಗಳು ಬೇಡವಂತೆ, ಚಪ್ಪಾಳೆ ತಟ್ಟಿ ಹಾಡುವಂಥದ್ದು ಯಾವುದಾದರೂ ಆಗಬಹುದಂತೆ.